ಅತ್ತಿ, ಪೇಟಿ ಮತ್ತು ಕೊಲ್ಹಾಪುರದ ಚರ್ಚಿನ ಸಂಗೀತ

ಶುಕ್ರವಾರ ಮುಂಜಾನೆ ಗಡಹಿಂಗ್ಲಜದ ಎಸ್.ಟಿ. ಸ್ಟ್ಯಾಂಡಿಗೆ ಬಂದಾಗ ನನ್ನ ಜೊತೆಗಿದ್ದ ಸಾಮಾನು ಇಷ್ಟು: ಬಟ್ಟೆಯ ಒಂದು ಚೀಲ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಒಂದು ಡಬ್ಬಿ, ಹಳೇ ಇಳಕಲ್ ಸೀರೆಯಲ್ಲಿ ಗಂಟು ಕಟ್ಟಿದ ಹಾರ್ಮೋನಿಯಂ, ಮತ್ತು ನಮ್ಮ ಅತ್ತಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ಇವುಗಳಲ್ಲಿ ಸಂಭಾಳಿಸಲು ಸುಲಭವಾದದ್ದು ಡಬ್ಬಿ ಒಂದೇ. ನಮ್ಮ ಮನೆಯವರು ಬೈಕಿನ ಮೇಲೆ ಪೇಟಿ ತಂದು ಇಳಿಸಿದರು, "ಸಾವಕಾಶ ಹೋಗಿ ಬರ್ರಿ" ಅಂದರು, ಬೈಕು ಬಂದ್ ಕೂಡ ಮಾಡದೆ ಅಂಗಡಿಗೆ ಹೊರಟುಹೋದರು.

ನಿಪ್ಪಾಣಿ ಮೇಲೆ ನೇರ ಇಚಲಕರಂಜಿಗೆ ಹೋಗುವ ಬಸ್ಸನ್ನು ನಂಬಿ ನಾವು ಚಹಾ ಸಹಿತ ಕುಡಿಯದೆ ಬಂದಿದ್ದೆವು. ವಿಚಾರಣೆಯ ಕಿಟಕಿಯಲ್ಲಿದ್ದವರು ಆ ಬಸ್ಸು ಇವತ್ತು ಇಲ್ಲ ಅಂದರು. ಯಾಕಿಲ್ಲ ಎಂದು ಕೇಳಿದೆ. ಇಲ್ಲ ಅಂದರೆ ಇಲ್ಲ ಎಂಬಂತೆ ಕೈ ಆಡಿಸಿದರು. ಮುರಗೂಡ ಮೇಲೆ ಕಾಗಲಕ್ಕೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕಾಯಿತು. ಸುತ್ತು ದಾರಿ. ಮೇಲಾಗಿ ಕಬ್ಬಿನ ಹಂಗಾಮು.

ಇಷ್ಟೆಲ್ಲ ಯಾಕೆ ಅಂದರೆ, ನನ್ನ ನಾದಿನಿ ಕಮಲಾ ಕೊಲ್ಹಾಪುರದ ದೊಡ್ಡ ಚರ್ಚಿನಲ್ಲಿ ಹಾಡುವವಳಿದ್ದಳು. ಅಲ್ಲಿ ದೀಪಾವಳಿ ಮುಗಿದ ಮೇಲಿಂದ ಕ್ರಿಸ್‌ಮಸ್ ತನಕ ಪ್ರತಿ ಶನಿವಾರ ಸಂಜೆ ಸಂಗೀತ ಇಡುತ್ತಾರೆ. ಒಂದು ವಾರ ಸಿತಾರ, ಒಂದು ವಾರ ಖಯಾಲ್ ಗಾಯನ, ಒಂದು ವಾರ ಪುಣೆಯ ಕಡೆಯಿಂದ ಬಂದವರ ಇಂಗ್ಲಿಷ್ ಹಾಡು. ಈ ವಾರದ್ದು ಭಕ್ತಿ ಸಂಗೀತ: ಮರಾಠಿ ಅಭಂಗ, ಕನ್ನಡ ವಚನ, ಕೊನೆಗೆ ಚರ್ಚಿನವರದೇ ಗಾಯನ ಮೇಳ. ಅದನ್ನೆಲ್ಲ ನೋಡಿಕೊಳ್ಳುವ ಸ್ಯಾಮ್ಯುಯೆಲ್ ಸರ್ ಅವರ ಮಗಳೂ ನಮ್ಮ ಕಮಲಾಳೂ ಒಬ್ಬರೇ ಗುರುಗಳ ಹತ್ತಿರ ಕಲಿಯುತ್ತಾರೆ. ಹಾಗೆ ಕಮಲಾಗೆ ಕರೆ ಬಂದಿತ್ತು.

ಅವಳು ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು. "ವೈನಿ, ಅವ್ವನ್ನ ಹೆಂಗರ ಮಾಡಿ ಕರಕೊಂಡು ಬರ್ರಿ. ಒಂದ ಸಲ ನಾ ಹಾಡೋದನ್ನ ಪೂರಾ ಕೇಳಲಿ. ಚಲೋ ಇಲ್ಲ ಅಂದರೂ ನಡೀತೈತಿ. ಕೇಳಿ ಅನ್ನಲಿ."

ಇದರ ಹಿಂದಿನದನ್ನು ಹೇಳಲೇಬೇಕು. ನಮ್ಮ ಅತ್ತಿ ಗಡಹಿಂಗ್ಲಜದಲ್ಲಿ ಸೋಮವಾರದ ಭಜನೆಯ ಯಜಮಾನಿ. ಭಜನೆಯಲ್ಲಿ ಮುಂದೆ ಹಾಡುವವರು ಒಬ್ಬರು. ಅವರು ಬಿಟ್ಟ ಸಾಲನ್ನು ಎತ್ತಿಕೊಂಡು ಹಿಂದೆ ಹಾಡುವವರು ಉಳಿದವರು. ಮುಂದಿನವರ ಉಸಿರು ಮುಗಿದಲ್ಲಿ ಹಿಂದಿನವರು ದನಿ ತುಂಬಬೇಕು, ಸುರ ನೆಲಕ್ಕೆ ಬೀಳಬಾರದು. ನಾನು ಈ ಮನೆಗೆ ಬಂದಾಗಿನಿಂದ ಅತ್ತಿ ಮುಂದೆಯೇ ಹಾಡಿದ್ದಾರೆ, ಯಾರ ಹಿಂದೆಯೂ ಹಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಸಂಕೇಶ್ವರದಿಂದ ಬಂದ ಒಬ್ಬಾಕೆ ಮುಂದೆ ಕುಳಿತಾಗ ನಮ್ಮ ಅತ್ತಿ ಬಾಯಿ ಬಿಗಿದು ಹತ್ತಿಯ ಬತ್ತಿ ಹೊಸೆಯುತ್ತ ಕುಳಿತುಬಿಟ್ಟಿದ್ದರು. ಇನ್ನು ಮಗಳ ಹಾಡು ಅಂದರೆ, ಕಮಲಾ ಬಾಯಿ ತೆರೆದು ಆಲಾಪ ಶುರು ಮಾಡಿದ ಕೂಡಲೇ, "ಇದು ಹಾಡಲ್ಲ, ಗಂಟಲಾ ತೊಳಿಯೋದು" ಎಂದು ಎದ್ದು ಅಡಿಗೆ ಮನೆಗೆ ಹೋಗುವುದು. ಪೂರಾ ಕೇಳಿದ್ದೇ ಇಲ್ಲ.

ಕಮಲಾ ಕಲಿತದ್ದು ತವರಿನ ಪೇಟಿಯ ಮೇಲೆ. ಅದನ್ನೇ ತರಬೇಕು ಎಂದು ಅವಳ ಹಟ. ಆದ್ದರಿಂದ ಪೇಟಿ. ಆದ್ದರಿಂದ ನನ್ನ ಸೊಂಟ.

ಮುರಗೂಡದ ಬಸ್ಸಿನಲ್ಲಿ ಕಂಡಕ್ಟರು ಮೊದಲು ಪೇಟಿ ನೋಡಿದರು, ಆಮೇಲೆ ನಮ್ಮನ್ನು. ಹೆಂಗಸರಿಗೆ ಅರ್ಧ ಟಿಕೀಟು, ಎಪ್ಪತ್ತೈದು ದಾಟಿದವರಿಗೆ ಪುಕ್ಕಟೆ. ಆದರೆ ಆಧಾರ್ ಕಾರ್ಡು ತೋರಿಸಬೇಕು. ಅತ್ತಿಯ ಕಾರ್ಡು ಅವರ ಸೊಂಟದ ಚಂಚಿಯಲ್ಲಿತ್ತು. ಚಂಚಿ ಸೀರೆಯ ಒಳಗಿತ್ತು. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು.

"ನನ್ನ ಮಾರಿ ನೋಡಿದರ ತಿಳಿಯೂದಿಲ್ಲೇನು?" ಅತ್ತಿ ಕೇಳಿದರು.

"ಆಜೀ, ಮಾರಿ ಮಶೀನಿನಾಗ ಬರೂದಿಲ್ರಿ," ಅಂದರು ಕಂಡಕ್ಟರು. ಅರ್ಧ ಮರಾಠಿ, ಅರ್ಧ ಕನ್ನಡದ ಮನುಷ್ಯ. "ಆಣಿ ಹೀ ಪೇಟೀ? ಇದಕ್ಕ ಲಗೇಜ್ ತಗೀಬೇಕಾಗತೈತಿ."

"ಇದು ನಮ್ಮ ಮಾವನ ಕಾಲದ್ದು. ನನಗಿಂತ ಹಿರೇದು. ನನಗ ಪುಕ್ಕಟ ಅಂದರ ಇದಕ್ಕೂ ಪುಕ್ಕಟ."

ಬಸ್ಸು ನಕ್ಕಿತು. ಕಂಡಕ್ಟರೂ ನಕ್ಕರು, ಆದರೆ ಲಗೇಜು ತೆಗೆದರು. ನಾನು ಸುಮ್ಮನೆ ದುಡ್ಡು ಕೊಟ್ಟೆ. ಅತ್ತಿ ಮುರಗೂಡ ಬರುವವರೆಗೂ ಪಕ್ಕದಲ್ಲಿದ್ದ ಕುರಿಯ ಮಾಲೀಕನಿಗೆ ಅನ್ಯಾಯದ ವಿಷಯ ಹೇಳುತ್ತಿದ್ದರು. ಆತ ಹೌದ್ರಿ, ಹೌದ್ರಿ ಅನ್ನುತ್ತ ನಿದ್ದೆ ಹೋದ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರಾಲಿ, ದಾಟಿ ಹೋಗಲು ಜಾಗವಿಲ್ಲ. ನಮ್ಮ ಡ್ರೈವರು ಹಾರ್ನ್ ಬಾರಿಸಿದಷ್ಟೂ ಮುಂದಿನ ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗುತ್ತಿತ್ತು. ಮುರಗೂಡದ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಚಹಾ ಚೆನ್ನಾಗಿತ್ತು, ಆಲೇ ಅಂದರೆ ಹಸಿಶುಂಠಿ ಹಾಕಿದ್ದರು. ಕಾಗಲದಲ್ಲಿ ಬಿಸಿಲಿನಲ್ಲಿ ನಿಂತೆವು. ಹುಪರಿ ಮೇಲೆ ಹೋಗುವ ಬಸ್ಸು ಸಿಕ್ಕಿತು, ಸೀಟು ಸಿಗಲಿಲ್ಲ. ಒಬ್ಬ ಕಾಲೇಜು ಹುಡುಗಿ ಅತ್ತಿಗೆ ಜಾಗ ಕೊಟ್ಟಳು. ಅತ್ತಿ ಆ ಜಾಗದಲ್ಲಿ ಪೇಟಿ ಇಟ್ಟು ತಾವು ನಿಂತರು.

"ಅತ್ತಿ, ಕುಂದರ್ರಿ. ಪೇಟಿ ನಾ ಹಿಡೀತೀನಿ."

"ನೀ ಕೆಡವತೀ."

ಬೆಳಗಿನಿಂದ ಹೊತ್ತವಳು ನಾನು.

ಇಚಲಕರಂಜಿಯಲ್ಲಿ ಇಳಿದ ಕೂಡಲೇ ಕಿವಿಗೆ ಮಾಗದ, ಅಂದರೆ ವಿದ್ಯುತ್ ಮಗ್ಗದ, ಸದ್ದು ಬೀಳುತ್ತದೆ. ಬೇರೆ ಊರಿನಲ್ಲಿ ಓಣಿಯ ಹೆಸರು ಕೇಳಿ ಮನೆ ಹುಡುಕುತ್ತಾರೆ. ಇಲ್ಲಿ ಸದ್ದು ಎಲ್ಲ ಓಣಿಯಲ್ಲೂ ಒಂದೇ. ಕಮಲಾಳ ಮನೆಗೂ ಮಾಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅವಳ ಗಂಡ ಶಿವಾನಂದಣ್ಣ ಊಟಕ್ಕೆ ಕುಳಿತಾಗಲೂ ಗೋಡೆಯ ಕಡೆ ಒಂದು ಕಿವಿ ಇಟ್ಟಿರುತ್ತಾರೆ, ಯಾವ ಮಾಗ ನಿಂತಿತು ಎಂದು ತಿಳಿಯಲು. ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. "ಸಾರು ಬೇಕೇನ್ರೀ?" ಎಂಬುದೂ ಜಗಳದ ಹಾಗೆ ಕೇಳುತ್ತದೆ.

ಕಮಲಾ ಇಷ್ಟು ವರ್ಷ ಈ ಸದ್ದಿನ ಮೇಲೆಯೇ ಹಾಡಿ ಕಲಿತವಳು. ಹೀಗಾಗಿ ಅವಳ ದನಿ ದೊಡ್ಡದು. ಸಂಜೆ ಪೇಟಿಯ ಗಂಟು ಬಿಚ್ಚಿ ಅದನ್ನು ಒಮ್ಮೆ ಒರೆಸಿ, ಗಾಳಿ ಊದುವ ಭಾತೆ ಎಳೆದು ಮೃದುವಾಗಿ ನುಡಿಸಿದಳು. ಎಲ್ಲ ಪಟ್ಟಿಗಳೂ ಸರಿಯಾಗಿ ನುಡಿದವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗಡಹಿಂಗ್ಲಜದಿಂದ ಅಷ್ಟು ಸುತ್ತಿ ಬಂದರೂ ಪೇಟಿ ನನ್ನ ಕೈಯಲ್ಲಿ ಕೆಡಲಿಲ್ಲ.

ಅದು ಕೆಟ್ಟದ್ದು ಮರುದಿನ ಬೆಳಿಗ್ಗೆ.

ಸ್ಯಾಮ್ಯುಯೆಲ್ ಸರ್ ನಮ್ಮನ್ನು ಮಧ್ಯಾಹ್ನವೇ ಬರಲು ಹೇಳಿದ್ದರು, ಒಮ್ಮೆ ಪೇಟಿ ನುಡಿಸಿ, ಮೈಕು ನೋಡಿ, ಹಾಡುವ ಕಟ್ಟೆಯ ಮೇಲೆ ಕುಳಿತು ನೋಡಬೇಕು ಎಂದು. ನಾನು ಬೇಗನೆ ಸ್ನಾನ ಮಾಡಿ ಬಂದು ನೋಡುತ್ತೇನೆ, ಅತ್ತಿ ದೇವರ ಜಗಲಿಯ ಮುಂದೆ ಪೇಟಿ ಇಟ್ಟು ಪೂಜೆಗೆ ಕುಳಿತಿದ್ದಾರೆ. ಪೇಟಿಯ ಹಣೆಗೆ ಮೂರು ಬೆರಳಿನ ವಿಭೂತಿ. ಮೇಲೆ ಶೇವಂತಿಗೆ. ಊದಬತ್ತಿ. ಕೈಯಲ್ಲಿ ಆಗಲೇ ಒಡೆದ ತೆಂಗಿನಕಾಯಿ.

"ಅತ್ತಿ, ನೀರು ಒಳಗ ಹೋದೀತ್ರಿ!"

"ಮತ್ತೊಂದು ದೇವರ ಮನೀಗೆ ಹೊಂಟೈತಿ. ಬರೇ ಹಣೀಲೆ ಕಳಸಬೇಕೇನು? ಅಲ್ಲಿಯವರು ಏನಂದಾರು, ಇವರ ಮನ್ಯಾಗ ಹೇಳೋರು ಕೇಳೋರು ಇಲ್ಲಂತ."

"ಹಣಿಗೆ ಹಚ್ಚಿದ್ರಿ, ಸಾಕ್ರಿ. ನೀರು ಬ್ಯಾಡ."

"ದೇವರ ನೀರು ಯಾರನ್ನರ ಕೆಡಸೇತೇನು?" ಎಂದು ಪೇಟಿಯ ನಾಲ್ಕೂ ಮೂಲೆಗೆ ತೆಂಗಿನ ನೀರು ಹನಿಸಿ, ಉಳಿದದ್ದನ್ನು ನಡುವೆ ಸುರುವಿದರು. ನಾನು ಸೆರಗಿನಿಂದ ಒರೆಸಿದೆ. ಮೇಲಿನದು ಒಣಗಿತು, ಒಳಗಿನದು ನನಗೆ ಕಾಣಲಿಲ್ಲ. ಕಮಲಾಗೆ ಹೇಳೋಣ ಎಂದರೆ ಅವಳು ಒಳಗೆ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು, ಮಾಗದ ಸದ್ದಿನಲ್ಲಿ ನಾನು ಕೂಗಿದ್ದು ಅವಳಿಗೆ ಕೇಳಲಿಲ್ಲ. ಹಾಡುವ ದಿನ ಅವಳಿಗೂ ಅವ್ವನಿಗೂ ಜಗಳ ಬೇಡ ಎಂದು ಆಮೇಲೆ ಸುಮ್ಮನಾದೆ. ಹೇಗೂ ಮಧ್ಯಾಹ್ನ ಅಲ್ಲಿ ನುಡಿಸಿ ನೋಡುತ್ತಾಳಲ್ಲ.

ನುಡಿಸಿ ನೋಡಲು ಸಮಯಕ್ಕೆ ಮುಟ್ಟಿದರೆ ತಾನೆ? ಶಿವಾನಂದಣ್ಣ ಮಾಗ ಬಿಟ್ಟು ಬರುವಂತಿರಲಿಲ್ಲ. ನಾವು ಮೂವರೇ ಬಸ್ಸು ಹತ್ತಿದೆವು. ಹಾತಕಣಂಗಲೆ ಬಂದಾಗ ಅತ್ತಿ ಎದ್ದು ನಿಂತರು. "ಇಳೀರಿ. ನಮ್ಮಣ್ಣನ ಮಗಳು ಇಲ್ಲೇ ಸ್ಟೇಶನ್ ಹತ್ತಿರ ಇರತಾಳು. ಬಾಗಲಾ ಮುಂದ ದಾಟಿ ಹೋದರ ನಾಳಿ ನನಗ ಮಾರಿ ತೋರಸಾಕ ಬರತೈತೇನು?"

"ಅವ್ವ, ಬರೋವಾಗ ಹೋಗೂಣು," ಅಂದಳು ಕಮಲಾ.

"ಬರೋವಾಗ ಯಾರು ಇರತಾರೋ ಯಾರು ಇಲ್ಲೋ."

ಎಂಬತ್ತರ ಹತ್ತಿರದವರು ಹೀಗಂದ ಮೇಲೆ ಯಾರಿಗಾದರೂ ಏನು ಮಾಡಲಿಕ್ಕೆ ಬರುತ್ತದೆ? ಇಳಿದೆವು. ಐದು ನಿಮಿಷ ಅಂದದ್ದು. ನಮ್ಮ ಕಡೆಯವರಿಗೆ ಗೊತ್ತಿರುವಂತೆ, ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಆ ಮನೆಯಾಕೆ ಮೊದಲು ಅವಲಕ್ಕಿ ಹಚ್ಚಿದಳು. ಆಮೇಲೆ ಚಹಾ. ಆಮೇಲೆ ಕಮಲಾ ಹಾಡಲು ಹೊರಟಿದ್ದಾಳೆ ಎಂದು ತಿಳಿದು, ಉಡಿ ತುಂಬಲೇಬೇಕು ಎಂದಳು. ಅಕ್ಕಿ, ಕೊಬ್ಬರಿ, ಅಡಿಕೆ ಎಲ್ಲ ಮನೆಯಲ್ಲಿತ್ತು. ಕುಪ್ಪಸದ ಕಣ ಇರಲಿಲ್ಲ. ತರಲು ಪೇಟೆಗೆ ಹೋದಳು. ನಾವು ಕುಳಿತೆವು. ಕಮಲಾ ಗೋಡೆಯ ಗಡಿಯಾರ ನೋಡುತ್ತಿದ್ದಳು, ನಾನು ಕಮಲಾಳನ್ನು ನೋಡುತ್ತಿದ್ದೆ, ಅತ್ತಿ ಇನ್ನೊಂದು ಬಟ್ಟಲು ಅವಲಕ್ಕಿ ತಿಂದರು.

ಹೊರಗೆ ಬಂದಾಗ ಬಸ್ಸೂ ಇಲ್ಲ, ರೈಲೂ ಹೋಗಿತ್ತು. ವಡಾಪ್, ಅಂದರೆ ಮಂದಿ ತುಂಬಿದ ಮೇಲೆಯೇ ಬಿಡುವ ಜೀಪು, ಒಂದು ನಿಂತಿತ್ತು. ಅದು ತುಂಬಿದೆ ಎಂದು ನನಗೆ ಅನ್ನಿಸಿದ ಮೇಲೆಯೂ ಅದರಲ್ಲಿ ಮತ್ತೆ ಐದಾರು ಮಂದಿ ಹತ್ತಿದರು. ಕಮಲಾ ತೊಡೆಯ ಮೇಲೆ ಪೇಟಿ, ಉಡಿಯಲ್ಲಿ ಅಕ್ಕಿ ಇಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಳು. ಇಸ್ತ್ರಿ ಮಾಡಿದ ಸೀರೆಯ ಗತಿ ಹೇಳುವುದು ಬೇಡ.

ಕೊಲ್ಹಾಪುರದಲ್ಲಿ ರಿಕ್ಷಾ ಹಿಡಿದು ಚರ್ಚು ಮುಟ್ಟಿದಾಗ ಒಳಗೆ ಅಭಂಗ ಶುರುವಾಗಿತ್ತು. ಕಪ್ಪು ಕಲ್ಲಿನ ಹಳೇ ಕಟ್ಟಡ, ಎತ್ತರದ ಛಾವಣಿ, ಬಣ್ಣದ ಗಾಜಿನ ಕಿಟಕಿಗಳು. ಹೋಗುವವರಿಗೆ ಒಂದು ಮಾತು: ಶಾಲು ಒಯ್ಯಿರಿ, ಡಿಸೆಂಬರಿನಲ್ಲಿ ಕಲ್ಲು ಥಂಡಿ ಹಿಡಿದಿರುತ್ತದೆ, ಕಟ್ಟಿಗೆಯ ಬಾಕುಗಳ ಮೇಲೆ ಹಾಕಲು ಏನಾದರೂ ಮೆತ್ತನೆಯದೂ ಇರಲಿ. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿ ಹಿಡಿದು ನಿಂತಿದ್ದಳು. ಫೋನುಗಳೆಲ್ಲ ಅದರಲ್ಲಿ ಹಾಕಬೇಕು. ಕಮಲಾಳ ಫೋನಿನಲ್ಲಿ ಸುರಕ್ಕಾಗಿ ಇಟ್ಟುಕೊಂಡಿದ್ದ ತಂಬೂರಿಯೂ ಅದರೊಂದಿಗೆ ಬುಟ್ಟಿಗೆ ಹೋಯಿತು. "ಪೇಟಿ ಐತಲ್ರಿ ವೈನಿ, ಸಾಕು," ಅಂದಳು.

ಸ್ಯಾಮ್ಯುಯೆಲ್ ಸರ್ ಓಡಿಬಂದರು. ತೆಳ್ಳಗಿನ, ಕನ್ನಡಕದ ಮನುಷ್ಯ. ಅವರ ತಾಯಿ ಬೆಳಗಾವಿ ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ. "ಎಷ್ಟ ತಡಾ ಮಾಡಿದ್ರೆವಾ! ಈ ಅಭಂಗ ಮುಗದ ಕೂಡಲೇ ನಿಮ್ದು. ಪೇಟಿ ನುಡಿಸಿ ನೋಡಾಕೂ ಟೈಮಿಲ್ಲ." ನಂತರ ಅತ್ತಿಯ ಕಡೆ ತಿರುಗಿ ಮೆಲ್ಲಗೆ, "ಆಯೀ, ಇಲ್ಲಿ ನಡುವ ಚಪ್ಪಾಳಿ, ಮಾತು ಏನೂ ಇರೂದಿಲ್ರಿ. ಎಲ್ಲಾ ಮುಗದ ಮ್ಯಾಲೆ ಒಮ್ಮೆಲೇ," ಅಂದರು.

"ನಾ ಯಾಕ ಮಾತಾಡಲಿ?" ಅಂದರು ಅತ್ತಿ, ಹಿಂದಿನ ಮೂರು ಬಾಕಿನವರು ತಿರುಗಿ ನೋಡುವಂತೆ.

ನಮ್ಮನ್ನು ಮುಂದಿನ ಬಾಕಿನಲ್ಲಿ ಕೂರಿಸಿದರು. ಕಮಲಾ ಕಟ್ಟೆಯ ಮೇಲೆ ಹಾಸಿದ ಜಮಖಾನೆಯಲ್ಲಿ ಕುಳಿತು, ಕೈ ಮುಗಿದು, ಭಾತೆ ಎಳೆದಳು. ಅವಳು ಇನ್ನೂ ಯಾವ ಪಟ್ಟಿಗೂ ಬೆರಳು ಇಟ್ಟಿರಲಿಲ್ಲ. ಪೇಟಿ ತಾನೇ ನುಡಿಯಿತು. ನಡುವಿನ ಒಂದು ಕರಿ ಪಟ್ಟಿ ಒಳಗೆ ಕಚ್ಚಿಕೊಂಡು, ಎಮ್ಮೆಕರು ಕೂಗಿದ ಹಾಗೆ ಒಂದೇ ಸಮನೆ ದನಿ ಬಿಡತೊಡಗಿತು. ಕಮಲಾ ಉಗುರಿನಿಂದ ಪಟ್ಟಿ ಎಬ್ಬಿಸಿದಳು. ಎದ್ದಿತು. ಭಾತೆ ಎಳೆದಳು. ಮತ್ತೆ ಕುಳಿತಿತು, ಮತ್ತೆ ಅದೇ ದನಿ. ಆ ಎತ್ತರದ ಛಾವಣಿ ಅದನ್ನು ಇಮ್ಮಡಿ ಮಾಡಿ ಹಿಂದಿರುಗಿಸಿತು.

ನಾನು ಅತ್ತಿಯ ಕಡೆ ನೋಡಿದೆ. ಅತ್ತಿ ಪೇಟಿಯ ಕಡೆ ನೋಡುತ್ತಿದ್ದರು. ದೇವರ ನೀರು ಎಂದು ನನ್ನ ತುಟಿಯ ತನಕ ಬಂತು, ನುಂಗಿದೆ.

ಸ್ಯಾಮ್ಯುಯೆಲ್ ಸರ್ ತಡೆಯಿರಿ ಎಂದು ಕೈ ಸನ್ನೆ ಮಾಡಿ, ಚರ್ಚಿನ ಪೇಟಿ ತರಲು ಪಕ್ಕದ ಖೋಲಿಗೆ ಓಡಿದರು. ಕಮಲಾ ಆ ಸನ್ನೆ ನೋಡಲಿಲ್ಲವೋ, ಇಷ್ಟು ಮಂದಿಯ ಮುಂದೆ ಸುಮ್ಮನೆ ಕೂರಲು ಆಗಲಿಲ್ಲವೋ, ಪೇಟಿಯನ್ನು ಪಕ್ಕಕ್ಕೆ ಸರಿಸಿ ಬರಿ ಗಂಟಲಿನಲ್ಲಿ ವಚನ ಶುರು ಮಾಡಿಬಿಟ್ಟಳು.

ಮೊದಲ ಸಾಲು ಚೆನ್ನಾಗಿ ಹೋಯಿತು. ಆದರೆ ಮಾಗದ ಸದ್ದಿನ ಮೇಲೆ ಹಾಡಿ ರೂಢಿಯಾದವಳಿಗೆ ಇಂಥ ಮೌನ ಗೊತ್ತೇ ಇರಲಿಲ್ಲ. ತನ್ನದೇ ದನಿ ಛಾವಣಿಯಿಂದ ತಡವಾಗಿ ಇಳಿದು ಬಂದು ಅವಳನ್ನೇ ಅಡ್ಡಗಟ್ಟುತ್ತಿತ್ತು. ಎರಡನೇ ಸಾಲಿಗೆ ಸುರ ಏರಿತು. ಮೂರನೆಯದಕ್ಕೆ ಇನ್ನಷ್ಟು ಏರಿತು. ಸಂಗೀತ ಬಾರದ ನನಗೂ ತಿಳಿಯಿತು. ಮುಂದೆ ಮೇಲಿನ ಸ್ವರಕ್ಕೆ ಹೋಗಬೇಕಾದಾಗ ದನಿ ಒಡೆಯುತ್ತದೆ ಎಂದು ಅವಳ ಕಣ್ಣಿನಲ್ಲೇ ಕಂಡಿತು. ಅವಳು ಉಸಿರು ತೆಗೆದುಕೊಂಡಳು, ಆ ಉಸಿರು ಮುಗಿಯಲೇ ಇಲ್ಲ.

ಆಗ ನನ್ನ ಪಕ್ಕದಿಂದ ದನಿ ಎದ್ದಿತು. ಅತ್ತಿ. ಕಮಲಾ ಮೊದಲು ಹಿಡಿದಿದ್ದ ಸುರವನ್ನೇ ಹಿಡಿದು, ಅವಳು ಬಿಟ್ಟ ಸಾಲನ್ನು ಎತ್ತಿಕೊಂಡರು.

ನಾನು ಅತ್ತಿಯ ಮಂಡಿ ಹಿಡಿದು ಹಿಸುಕಿದೆ. ನನ್ನ ಕೈ ಕೊಡವಿದರು. ಹಿಂದಿನ ಬಾಕಿನಿಂದ ಒಬ್ಬರು "ಶ್ಶ್" ಅಂದರು. ಅತ್ತಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಕಮಲಾ ಕಣ್ಣು ತೆರೆದು ಅವ್ವನನ್ನು ನೋಡಿದಳು. ಸಿಟ್ಟಿನ ನೋಟ. ಆದರೂ ಆ ಸುರದ ಮೇಲೆ ಇಳಿದಳು, ಅಲ್ಲಿಂದ ಮುಂದಿನ ಸಾಲು ಎತ್ತಿದಳು. ಅವಳು ನಿಂತಲ್ಲಿ ಅತ್ತಿ ತುಂಬಿದರು, ಅವಳು ಹೊರಟಾಗ ಅತ್ತಿ ನಿಂತರು. ಆ ವಚನ ಮುಗಿದು ಇನ್ನೊಂದು, ಮತ್ತೊಂದು. ಸ್ಯಾಮ್ಯುಯೆಲ್ ಸರ್ ಚರ್ಚಿನ ಪೇಟಿಯನ್ನು ಎದೆಗೆ ಅವುಚಿಕೊಂಡು ಪಕ್ಕದ ಬಾಗಿಲಲ್ಲಿ ನಿಂತೇ ಇದ್ದರು. ಸಾಕಾಗಿ ಅದನ್ನು ನೆಲಕ್ಕೆ ಇಟ್ಟು ಅದರ ಮೇಲೆಯೇ ಕೈ ಊರಿ ಕೇಳಿದರು. ಅಲ್ಲಿಯೇ ಒಂದು ಪೇಟಿ ಇತ್ತು ಎಂದು ನನಗೆ ಆಗ ತಿಳಿಯಿತು. ಗಡಹಿಂಗ್ಲಜದಿಂದ ನಾನು ಹೊತ್ತು ತಂದದ್ದು ಯಾವ ಸುಖಕ್ಕೆ?

ಕಮಲಾಳ ಸಮಯ ಮುಗಿಯಿತು. ಅವಳು ಕೈ ಮುಗಿದು ಏಳುತ್ತಿದ್ದಳು. ಬಿಳಿ ನಿಲುವಂಗಿಯ ಗಾಯನ ಮೇಳದವರು ಸಾಲಾಗಿ ಮುಂದೆ ಬರುತ್ತಿದ್ದರು. ಇಡೀ ಚರ್ಚು ಗಪ್ಪಾಗಿತ್ತು. ಅತ್ತಿ ಬಾಕಿನಿಂದ ಕೇಳಿದರು:

"ಯಾಕ, ಮಂಗಳಾ ಹಾಡೂದಿಲ್ಲೇನು?"

ಭಜನೆಗೆ ಕುಳಿತವರು ಮಂಗಳ ಹಾಡದೆ ಏಳಬಾರದು. ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಆದರೆ ಇದು ನಮ್ಮ ಮಠವೇ? ಕಮಲಾ ಅರ್ಧ ಎದ್ದವಳು ಹಾಗೇ ನಿಂತಳು. ಮೇಳದವರು ನಿಂತರು. ನಾನು ನೆಲ ನೋಡಿದೆ. ಸ್ಯಾಮ್ಯುಯೆಲ್ ಸರ್ ತಲೆ ಆಡಿಸಿ ಆಗಲಿ ಎಂದರು. ಕಮಲಾ ಕೆಂಪಾದ ಮುಖದಲ್ಲಿ ಮತ್ತೆ ಕುಳಿತು ಮಂಗಳ ಎತ್ತಿದಳು, ಅತ್ತಿ ಹಿಂದೆ ಹಾಡಿದರು. ಮೇಳದಲ್ಲಿದ್ದ ಒಬ್ಬ ದಪ್ಪನೆಯ ತಾಯಿ ಎರಡನೇ ಸಲಕ್ಕೆ ತಾನೂ ಸ್ವಲ್ಪ ಗುನುಗಿದಳು.

ಆಮೇಲೆ ಮೇಳದವರು ಹಾಡಿದರು. ಕಾಲಿನಲ್ಲಿ ತುಳಿಯುವ ಹಳೇ ಆರ್ಗನ್ ಅವರ ಜೊತೆಗೆ. ಹೆಂಗಸರು ಒಂದು ದಾರಿ, ಗಂಡಸರು ಇನ್ನೊಂದು, ನಡುವೆ ಮತ್ತೆರಡು ದನಿ, ಎಲ್ಲ ಬೇರೆ ಬೇರೆ ಹೋಗಿ ಒಂದೆಡೆ ಸೇರುತ್ತಿದ್ದವು. ಕೇಳುತ್ತ ನನ್ನ ಮೈಯೆಲ್ಲ ಹಗುರಾಯಿತು. ಆ ಎರಡು ದಿನಗಳಲ್ಲಿ ಅದೊಂದೇ ಹೊತ್ತು ನಾನು ಯಾವುದನ್ನೂ ಹೊರಲಿಲ್ಲ. ಅತ್ತಿ ನನ್ನ ಕಿವಿಯಲ್ಲಿ, ಅಂದರೆ ನಾಲ್ಕು ಬಾಕಿಗೆ ಕೇಳುವಂತೆ, "ನಾಕ ಮಂದಿ ನಾಕ ದಾರಿ ಹಿಡದರೂ ಊರಿಗೆ ಕೂಡೇ ಬಂದ್ರು ನೋಡು," ಅಂದರು. ಈ ಸಲ ಯಾರೂ ಶ್ಶ್ ಅನ್ನಲಿಲ್ಲ. ಅವರೂ ಬೇಸತ್ತಿರಬೇಕು.

ಎಲ್ಲ ಮುಗಿದು ಚಪ್ಪಾಳೆಯಾಗಿ, ಹೊರಗೆ ಅಂಗಳದಲ್ಲಿ ಚಹಾ ಮತ್ತು ಕೇಕು ಕೊಟ್ಟರು. ಕಮಲಾ ಹುಣಸೆ ಗಿಡದ ಬದಿಗೆ ನನ್ನನ್ನು ಕರೆದಳು.

"ಒಂದ ಸಂಜಿ ಕೇಳಿದ್ನಿ ವೈನಿ. ಬರೇ ಕುಂತು ಕೇಳು ಅಂದಿದ್ನಿ. ಪೇಟಿಗೆ ನೀರು ಹಾಕಿದ್ಲು, ನಡುವ ಬಾಯಿ ಹಾಕಿದ್ಲು, ಕಡೀಕ ಎಲ್ಲರ ಮುಂದ ಮಂಗಳಾ ಕಲಿಸಿದ್ಲು. ನನ್ನ ಹಾಡು ಎಲ್ಲೈತಿ ಇದರಾಗ?"

ತೆಂಗಿನ ನೀರಿನ ವಿಷಯ ಅವಳಿಗೆ ಪೇಟಿಯ ವಾಸನೆಯಿಂದಲೇ ತಿಳಿದಿತ್ತು. ಅವಳದೂ ಸುಳ್ಳಲ್ಲ. ಸ್ಯಾಮ್ಯುಯೆಲ್ ಸರ್ ಬಂದು, ಮುಂದಿನ ಚಳಿಗಾಲಕ್ಕೂ ಬರಬೇಕು, ಆದರೆ ಮಧ್ಯಾಹ್ನವೇ ಬರಬೇಕು ಅಂದರು. ಅವಳು ನಗಲಿಲ್ಲ. ಅವ್ವನ ಕಾಲು ಮುಟ್ಟಿದಳು, ಇಚಲಕರಂಜಿಯ ಬಸ್ಸಿಗೆ ಹೋದಳು. ಅತ್ತಿ ಕೇಕು ತಿನ್ನುತ್ತಿದ್ದವರು "ಹುಷಾರು" ಅಂದರು. ಅಷ್ಟೇ. ಒಂದು ಒಳ್ಳೆಯ ಮಾತು ಬಾಯಿಂದ ಬಿದ್ದಿದ್ದರೆ ಹಲ್ಲು ಉದುರುತ್ತಿತ್ತೆ?

ನಾವಿಬ್ಬರೂ ರಾತ್ರಿ ಒಂದು ಮಠದ ಖೋಲಿಯಲ್ಲಿ ಉಳಿದೆವು. ಹಾಸಿಗೆ ಸ್ವಚ್ಛವಿತ್ತು, ಬಿಸಿನೀರು ಬೆಳಿಗ್ಗೆ ಬೇಗ ಎದ್ದವರಿಗೆ ಮಾತ್ರ. ಭಾನುವಾರ ಮಹಾಲಕ್ಷ್ಮಿಯ ದರ್ಶನಕ್ಕೆ ಸಾಲಿನಲ್ಲಿ ನಿಂತೆವು. ಹೊರಗೆ ಬಂದು ಮಿಸಳ ತಿಂದೆವು. ಅತ್ತಿ ಖಾರ ಖಾರ ಎಂದು ಬೈಯುತ್ತ ಎರಡು ಸಲ ರಸ ಹಾಕಿಸಿಕೊಂಡರು. ಗಡಹಿಂಗ್ಲಜದ ಬಸ್ಸು ಈ ಸಲ ನೇರ ಸಿಕ್ಕಿತು, ಸೀಟೂ ಸಿಕ್ಕಿತು. ನನ್ನ ತಾಳ್ಮೆ ಮಾತ್ರ ಕಾಗಲದ ತನಕವೂ ಉಳಿಯಲಿಲ್ಲ.

"ಅತ್ತಿ, ಆಕಿ ಹಾಡಾಕತ್ತಿದ್ಲು. ನೀವು ಯಾಕ ನಡುವ ಹೊಕ್ಕಿರಿ?"

ಅತ್ತಿ ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದರು. ನಿಪ್ಪಾಣಿ ಬಂದಿತು, ಹೋಯಿತು. ಸಂಕೇಶ್ವರ ಬಂದಿತು, ಹೋಯಿತು.

ಗಡಹಿಂಗ್ಲಜದಲ್ಲಿ ಇಳಿದು ನಮ್ಮ ಮನೆಯವರ ಬೈಕಿನ ದಾರಿ ಕಾಯುತ್ತ ನಿಂತಾಗ, ಸೋಮವಾರದ ಭಜನೆಯ ಗಂಗವ್ವ ಸಿಕ್ಕಳು. ವರ್ಷಾನುಗಟ್ಟಲೆ ಅತ್ತಿಯ ಹಿಂದೆ ಹಾಡಿದಾಕೆ. ಬಾಯಿ ಸ್ವಲ್ಪ ಹರಿತ.

"ಏನಬೇ, ಪೇಟಿ ತಗೊಂಡು ಎಲ್ಲಿ ಹೋಗಿದ್ದಿ? ಕೊಲ್ಹಾಪುರದಾಗೂ ನೀನ ಮುಂದ ಕುಂತಿರಬೇಕಲ್ಲ?"

"ಇಲ್ಲ," ಅಂದರು ಅತ್ತಿ. "ಕಮಲಾ ಮುಂದ ಹಾಡಿದ್ಲು. ನಾ ಹಿಂದ ಹಾಡಿದ್ನಿ."

ಗಂಗವ್ವನ ಬಾಯಿ ತೆರೆದದ್ದು ಹಾಗೇ ಇತ್ತು. "ನೀ? ಹಿಂದ?"

"ಯಾಕ? ಮುಂದ ಹಾಡೋರು ಇದ್ದರ ಹಿಂದ ಹಾಡಬಾರದೇನು?"

ನನಗೆ ಒಮ್ಮೆಲೆ ಸಿಟ್ಟು ಬಂತು. ಈ ಮಾತನ್ನು ನಿನ್ನೆ ಆ ಹುಣಸೆ ಗಿಡದ ಬುಡದಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ಎದುರಿಗೆ ಮಗಳು ನಿಂತಿದ್ದಾಗ ಕೇಕು ತಿಂದು, ಇಲ್ಲಿ ಸ್ಟ್ಯಾಂಡಿನಲ್ಲಿ ಗಂಗವ್ವನಿಗೆ ಹೇಳುವುದು! ಅಲ್ಲಿಯೇ ಕಮಲಾಗೆ ಫೋನು ಹಚ್ಚಿ, ಅವಳು ಹಲೋ ಅನ್ನುವ ಮೊದಲೇ ಅತ್ತಿಯ ಕೈಗೆ ಕೊಟ್ಟೆ.

"ಈಗ ಗಂಗವ್ವಗ ಹೇಳಿದ್ದನ್ನ ಆಕಿಗೆ ಹೇಳ್ರಿ."

ಅತ್ತಿ ಫೋನನ್ನು ಬಾಯಿಯ ಮುಂದೆ ಹಿಡಿದರು. ನನ್ನನ್ನು ನೋಡಿದರು, ಗಂಗವ್ವನನ್ನು ನೋಡಿದರು. ಆಮೇಲೆ ಜಗಳಕ್ಕೆ ನಿಂತವರ ಹಾಗೆ ಶುರು ಮಾಡಿದರು.

"ಏ ಕಮಲಾ, ಎರಡನೇ ವಚನದಾಗ ಉಸರು ಎಲ್ಲಿ ತಗೊಂಡಿ? ಸಾಲು ಮುಗಿಯೂಕಿಂತ ಮೊದಲ ಯಾಕ ತಗೊಂಡಿ? ಕಡೀ ವಚನಾ ಭ್ಯಾರೇ ಹಾಡಿದಿ. ಮ್ಯಾಲೆ ಹೋಗಿ ಅಲ್ಲೇ ನಿಂತೆಲ್ಲ, ಅದು ಯಾರು ಕಲಿಸಿದ್ರು? ನನಗ ಹಿಂದ ಹಿಡ್ಯಾಕ ಬರಲಿಲ್ಲ. ಅದನ್ನ ನನಗ ಹೇಳಿಕೊಡಬೇಕ ನೀನು. ಇಲ್ಲಂದರ ಮುಂದಿನ ವರ್ಷ ಅಲ್ಲಿ ನಾ ಹೆಂಗ ತುಂಬಲಿ?"

ಫೋನು ಕಡಿದುಹೋಯಿತೇನೋ ಎಂದು ನಾನು ಕಿವಿ ಹತ್ತಿರ ತಂದೆ. ಕಮಲಾ ಅಳುತ್ತಿದ್ದಳೋ ಏನೋ, ಮೂಗು ಏರಿಸಿದ್ದು ಕೇಳಿತು. ಆಮೇಲೆ ಅವಳೂ ಅವ್ವನ ಹಾಗೆಯೇ ಗದರಿದಳು.

"ಫೋನಿನ್ಯಾಗ ಅದು ಬರೂದಿಲ್ಲವ್ವ. ಬಂದು ಎದರಿಗೆ ಕುಂದರು."